ದೇಚಮ್ಮನ ದನಿಗೊಂದು ಊರು

ಕಂಪನಿಯವರು ದೇಚಮ್ಮನನ್ನು ಕೇಳದೆ ಅವಳ ದನಿಯನ್ನು ಯಂತ್ರಕ್ಕೆ ತುಂಬಿಸಿಕೊಂಡರು. ತುಂಬಿಸಿಕೊಂಡ ಮೇಲೆ ಅವಳನ್ನು ಕೆಲಸದಿಂದ ತೆಗೆದರು.

ಹೀಗೆ ಶುರು ಮಾಡಬಹುದಾ?

(ಮಾಡಿಯಾಯಿತಲ್ಲ, ಈಗ ಕೇಳಿ ಏನು ಬಂತು ಎನ್ನುತ್ತೀರಿ. ಸರಿಯೇ. ಆದರೂ ಕೇಳುವುದು ಮರ್ಯಾದೆ. ಕೇಳದೆ ಮಾಡಿದವರ ಕತೆಯನ್ನೇ ಹೇಳಲು ಹೊರಟಿರುವಾಗ ನಾನಾದರೂ ಕೇಳಬೇಡವೇ?)

ನನ್ನ ಹತ್ತಿರ ಬೇರೆ ಚೆಂದದ ಆರಂಭವೊಂದಿತ್ತು. ನೋಯ್ಡಾದ ಹೊಗೆಮಂಜು, ಅದರೊಳಗಿಂದ ಮೂಡಿ ಬರುವ ಮೆಟ್ರೊ, ಮೆಟ್ರೊದ ಗಾಜಿಗೆ ಹಣೆಯಿಟ್ಟ ಒಬ್ಬ ಹೆಂಗಸು. ಓದುಬಳಗದಲ್ಲಿ ಓದಿದೆ. ಭಾನುವಾರ ಮಧ್ಯಾಹ್ನ ದೆಹಲಿಯ ಪೀತಮ್‌ಪುರದ ಮನೋರಮಾ ಅವರ ಮನೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತೇವೆ. ಓದುತ್ತೇವೆ, ಕಿತ್ತಾಡುತ್ತೇವೆ, ಒಗ್ಗರಣೆ ಅವಲಕ್ಕಿ ತಿಂದು ರಾಜಿಯಾಗುತ್ತೇವೆ. ಮನೋರಮಾ ಕನ್ನಡಕ ತೆಗೆದು ಕೇಳಿದರು: "ಹೊಗೆ ಆಮೇಲೆ ಹಾಕು. ಮೊದಲು ಯಾರು ಯಾರಿಗೆ ಏನು ಮಾಡಿದರು, ಅದು ಹೇಳು."

ಹೇಳಿದೆ. ಮೇಲಿನ ಎರಡು ವಾಕ್ಯ. ಹೊಗೆಮಂಜನ್ನು ಬಿಸಾಡಿದ್ದೇನೆ, ದೆಹಲಿಯ ಸುತ್ತಮುತ್ತ ಅದಕ್ಕೇನೂ ಬರವಿಲ್ಲ, ಬೇಕಾದವರು ಕಿಟಕಿ ತೆಗೆದು ತಗೊಳ್ಳಬಹುದು.

೧

ದೇಚಮ್ಮನಿಗೆ ನಲವತ್ತು ದಾಟಿದೆ. ಊರು ಕೊಡಗಿನ ನಾಪೋಕ್ಲು ಹತ್ತಿರ. ಗಂಡ ಕುಶಾಲಪ್ಪ ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಸುಬೇದಾರನಾಗಿ ನಿವೃತ್ತನಾದವನು. ಅವನ ಕೊನೆಯ ಪೋಸ್ಟಿಂಗ್ ದೆಹಲಿಗೆ ಬಂತು. ಮಗಳ ಓದು ಮುಗಿಯಲಿ, ಆಮೇಲೆ ಹೊರಡೋಣ ಎಂದು ನೋಯ್ಡಾದ ಒಂದು ಸೊಸೈಟಿಯಲ್ಲಿ ಬಾಡಿಗೆಗೆ ಕೂತರು. ಮಗಳ ಓದು ಮುಗಿದು ಅವಳು ಪುಣೆಗೆ ಹೋದಳು. ಇವರು ಇನ್ನೂ ಹೊರಡುತ್ತಲೇ ಇದ್ದಾರೆ.

ದೇಚಮ್ಮನ ಕೆಲಸ ಸೆಕ್ಟರ್ ಅರವತ್ತೆರಡರ ಒಂದು ಗಾಜಿನ ಕಟ್ಟಡದಲ್ಲಿ. ಆಸ್ಪತ್ರೆ ವಿಮೆಯ ಸಹಾಯವಾಣಿ. "ಕನ್ನಡಕ್ಕಾಗಿ ಐದನ್ನು ಒತ್ತಿ" ಎಂದಾಗ ಗದಗಿನಲ್ಲೋ ಕೊಳ್ಳೇಗಾಲದಲ್ಲೋ ಯಾರೋ ಐದು ಒತ್ತುತ್ತಾರೆ. ಗಂಟೆ ಹೊಡೆದುಕೊಳ್ಳುವುದು ಇಲ್ಲಿ, ದೇಚಮ್ಮನ ಕಿವಿಯಲ್ಲಿ. ಎಡಗಡೆ ಒಡಿಯಾ ಡೆಸ್ಕು, ಬಲಗಡೆ ಮರಾಠಿ ಡೆಸ್ಕು. ಮಧ್ಯಾಹ್ನ ಮೂರು ಭಾಷೆಯ ಡಬ್ಬಿಗಳು ಒಂದೇ ಮೇಜಿನ ಮೇಲೆ ಬಾಯಿ ತೆರೆಯುತ್ತವೆ.

ಈ ಕೆಲಸದ ಒಂದು ಗುಟ್ಟನ್ನು ಈಗಲೇ ಹೇಳಿಬಿಡುತ್ತೇನೆ. (ಗುಟ್ಟನ್ನು ಕೊನೆಗೆ ಹೇಳಿದರೆ ಕತೆಗಾರರಿಗೆ ಜಾಣರೆಂಬ ಹೆಸರು ಬರುತ್ತದೆ. ನನಗೆ ಬೇಡ.) ಕನ್ನಡದಲ್ಲಿ ಫೋನು ಮಾಡುವವರು ಹಲೋ ಎಂದ ಕೂಡಲೇ ಪಾಲಿಸಿ ನಂಬರು ಹೇಳುವುದಿಲ್ಲ. ದೆಹಲಿ ಕಡೆಯ ಫೋನಿನಲ್ಲಿ ಕನ್ನಡ ಕೇಳಿ ಬೆರಗಾಗುತ್ತಾರೆ. ಆಮೇಲೆ ಕೇಳುತ್ತಾರೆ:

"ನೀವು ಕನ್ನಡದೋರಾ? ಯಾವೂರು ನಿಮ್ಮದು?"

"ನಾಪೋಕ್ಲು ಹತ್ರ."

"ಅಯ್ಯೋ, ಕೊಡಗಾ! ನಮ್ಮ ಭಾವಮೈದ ಮಡಿಕೇರಿ ಡಿಪೋದಲ್ಲಿ ಡ್ರೈವರ್ ಆಗಿದ್ದ ಕಣಮ್ಮ."

ಇಷ್ಟಾದ ಮೇಲೆಯೇ ಮೂತ್ರಕೋಶದ ಕಲ್ಲು ಹೊರಬರುವುದು. ತಾಯಿಯ ಗರ್ಭಕೋಶ, ಕುಡುಕ ತಮ್ಮನ ಯಕೃತ್ತು, ಮದುವೆಯಾಗದ ಮಗಳ ಫಿಟ್ಸು, ಎಲ್ಲ ಭಾವಮೈದನ ಬಸ್ಸು ಹತ್ತಿಯೇ ಬರಬೇಕು. ಊರು ಗೊತ್ತಿಲ್ಲದವರ ಮುಂದೆ ಮನೆಯ ಹೆಂಗಸಿನ ಗರ್ಭಕೋಶದ ಮಾತು ಹೇಗೆ ತೆಗೆಯುವುದು?

ಸಾಕೇತ್‌ಗೆ ಇದು ಸೇರುತ್ತಿರಲಿಲ್ಲ. ಸಾಕೇತ್ ಅವಳ ಮ್ಯಾನೇಜರ್. ಅಪ್ಪ ಅಮ್ಮ ತುಮಕೂರಿನವರು, ಅವನು ಹುಟ್ಟಿ ಬೆಳೆದದ್ದು ದೆಹಲಿಯಲ್ಲಿ. ಕನ್ನಡ ಪೂರಾ ಅರ್ಥವಾಗುತ್ತದೆ. ಬಾಯಿ ತೆಗೆದರೆ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತಾನೆ. ಈ ಊರಿನ ಮಾತುಕತೆಗೆ ಅವನು 'ವಿಲೇಜ್ ಟೈಮ್' ಎಂದು ಹೆಸರಿಟ್ಟಿದ್ದ. ಮೀಟಿಂಗಿನಲ್ಲಿ ಗ್ರಾಫ್ ತೋರಿಸಿ, "ದೇಚಮ್ಮ ಜೀ, ಇದು ನೋಡಿ. ನಿಮ್ಮ ಡೆಸ್ಕಲ್ಲಿ ಇಷ್ಟು ಕೆಂಪು ಯಾಕೆ? ಊರು ಗೀರು ಛೋಡಿಯೇ ನಾ. ನಂಬರ್ ತಗೊಳ್ಳಿ, ಕಾಲ್ ಮುಗಿಸಿ," ಎನ್ನುತ್ತಿದ್ದ.

೨

ಆಮೇಲೆ ಅವಳನ್ನು ಗಾಜಿನ ಕೋಣೆಯೊಂದಕ್ಕೆ ಕಳಿಸಲಾಯಿತು. ಉಚ್ಚಾರಣೆ ಸುಧಾರಿಸುವ ತರಬೇತಿ ಎಂದರು. ದಿನಾ ಊಟದ ಮುಂಚೆ ಹೋಗುವುದು, ಮೈಕಿನ ಮುಂದೆ ಕೂತು ಪರದೆಯ ಮೇಲೆ ಬಂದ ವಾಕ್ಯಗಳನ್ನು ಓದುವುದು. ಎಂಥೆಂಥ ವಾಕ್ಯಗಳು! 'ಬೆಳಗಿನ ಉಪಾಹಾರಕ್ಕೆ ಮುನ್ನ ಗುಳಿಗೆ ಸೇವಿಸಿ.' 'ನಿಮ್ಮ ನೋವು ನಮಗೆ ಅರ್ಥವಾಗುತ್ತದೆ.' 'ಛತ್ರಿ, ಝರಿ, ಢಕ್ಕೆ.' ಖುಷಿಯಿಂದ, ಬೇಸರದಿಂದ, ಸಾಂತ್ವನದಿಂದ ಓದಿ ಎನ್ನುತ್ತಿದ್ದರು. ಶಾಲೆಯಲ್ಲಿ ಪದ್ಯ ಓದಿ ಬಹುಮಾನ ಪಡೆದಿದ್ದ ದೇಚಮ್ಮ ಇಷ್ಟು ವರ್ಷಕ್ಕೆ ತನ್ನ ಗಂಟಲಿಗೆ ಒಂದು ಬೆಲೆ ಬಂತೆಂದು ಮನಸ್ಸಿಟ್ಟು ಓದಿದಳು. ಸಾಂತ್ವನಕ್ಕೆ ಸತ್ತುಹೋದ ತನ್ನ ತಾಯಿಯನ್ನು ನೆನೆದುಕೊಂಡು ಓದಿದಳು.

ತರಬೇತಿ ನಡೆಯುತ್ತಿದ್ದುದು ಅವಳಿಗಲ್ಲ.

ಚಳಿಗಾಲದಲ್ಲಿ ಒಂದು ದಿನ ಎಲ್ಲರಿಗೂ ಸಮೋಸಾ ಹಂಚಿ ಸಾಕೇತ್ ಪರದೆಯ ಮುಂದೆ ನಿಂತ. "ಇವತ್ತು ಫ್ಯೂಚರ್ ನೋಡೋಣ," ಅಂದ. ಗುಂಡಿ ಒತ್ತಿದ. ಸ್ಪೀಕರಿನಿಂದ ದೇಚಮ್ಮ ಮಾತಾಡಿದಳು.

"ನಮಸ್ಕಾರ. ನಾನು ಸುಭಾಷಿಣಿ. ನಿಮ್ಮ ನೋವು ನಮಗೆ ಅರ್ಥವಾಗುತ್ತದೆ."

ಇಡೀ ಮಹಡಿ ತಿರುಗಿ ದೇಚಮ್ಮನನ್ನು ನೋಡಿತು. ಅವಳ ಬಾಯಿ ಮುಚ್ಚಿತ್ತು. ಒಳಗೆ ಸಮೋಸಾದ ತುಂಡಿತ್ತು. ಅದನ್ನು ಅಗಿಯಬೇಕೋ ಉಗಿಯಬೇಕೋ ಅವಳಿಗೆ ತಿಳಿಯಲಿಲ್ಲ.

"ಬರೋ ಹೋಳಿ ತಕ್, ಬರ್ದಿಟ್ಕೊಳ್ಳಿ, ಈ ಫ್ಲೋರಲ್ಲಿ ಫೋನ್ ತಗೊಳ್ಳೋ ಮನುಷ್ಯರು ಒಬ್ರೂ ಇರಲ್ಲ," ಎಂದ ಸಾಕೇತ್. ಸಂತೋಷದಿಂದಲೇ ಎಂದ. ಯಾರ ಮುಂದೆ ಹೇಳುತ್ತಿದ್ದೇನೆ ಎಂಬುದು ಅವನ ತಲೆಗೆ ಹೋಗಲಿಲ್ಲ.

ದೇಚಮ್ಮ ಸಮೋಸಾ ನುಂಗಿ ಎದ್ದಳು. "ಸಾಕೇತ್ ಸರ್, ಅದು ನನ್ನ ದನಿ."

"ಅಲ್ಲ ಜೀ, ಅದು ಸುಭಾಷಿಣಿದು. ನಿಮ್ಮದು ಸಿರ್ಫ್ ಡೇಟಾ."

ಆ ತಿಂಗಳ ಕೊನೆಗೆ ಕನ್ನಡ, ಒಡಿಯಾ, ಮರಾಠಿ ಮೂರೂ ಡೆಸ್ಕು ಮುಚ್ಚಿದವು.

೨ (ಹರಿದು ಹಾಕಿದ್ದು)

ಇಲ್ಲಿಂದ ಮುಂದೆ ನಾನು ಬರೆದಿದ್ದನ್ನು ನೀವು ನೋಡಬೇಕಿತ್ತು. ಬೆಂಕಿ! ದನಿ ಕಳೆದುಕೊಂಡ ದೇಚಮ್ಮ ಮೂಕಿಯಾಗುತ್ತಾಳೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಲಿಫ್ಟಿನಲ್ಲಿ, ಎಲ್ಲೆಲ್ಲೂ ಅವಳದೇ ದನಿ ಮಾತಾಡುತ್ತದೆ. ಅವಳು ಮಾತ್ರ ತುಟಿ ಅಲ್ಲಾಡಿಸುತ್ತ ನೋಯ್ಡಾದ ಬೀದಿಗಳಲ್ಲಿ ಅಲೆಯುತ್ತಾಳೆ. ಕೊನೆಗೆ ಇಡೀ ದೇಶದಲ್ಲಿ ಮಾತಾಡುವ ಮನುಷ್ಯ ಒಬ್ಬನೂ ಉಳಿಯುವುದಿಲ್ಲ. ಓದಿದಾಗ ಮನೋರಮಾ ಅವರ ಕಣ್ಣು ತುಂಬಿತು. ಅವಲಕ್ಕಿ ಆರಿಹೋಯಿತು. ನನಗೆ (ಹೇಳಲು ನಾಚಿಕೆ) ಬಹಳ ತೃಪ್ತಿಯಾಯಿತು.

ಆಗ ಹಾಳೆಯೊಳಗಿಂದ ದೇಚಮ್ಮ ನೇರ ನನ್ನನ್ನೇ ಕೇಳಿದಳು.

"ಯಾರ್ರೀ ನೀವು?"

"ನಿಮ್ಮ ಕತೆ ಬರೀತಾ ಇದ್ದೀನಿ."

"ನಾನು ಮೂಕಿ ಆದೆ ಅಂತ ಯಾರು ಹೇಳಿದ್ದು ನಿಮ್ಗೆ? ಕೆಲಸ ಹೋದ ದಿನ ಮನೇಲಿ ಎಷ್ಟು ಮಾತಾಡಿದ್ದೀನಿ ಅಂದ್ರೆ, ಯುದ್ಧ ನೋಡಿದ ಮನುಷ್ಯ ನಮ್ಮ ಯಜಮಾನ್ರು, ಬಾಲ್ಕನಿಗೆ ಹೋಗಿ ಬಾಗಿಲು ಹಾಕ್ಕೊಂಡ್ರು."

"ಅದು ಸಂಕೇತ, ದೇಚಮ್ಮನವರೇ. ಯಂತ್ರಯುಗದಲ್ಲಿ ದುಡಿಯುವವರ ದನಿ..."

"ಒಂದ್ನಿಮಿಷ. ಅವ್ರು ನನ್ನ ದನಿ ನನ್ನನ್ನ ಕೇಳದೆ ತಗೊಂಡ್ರು. ನೀವು?"

ಓದುಗರೇ, ಇದಕ್ಕೆ ಉತ್ತರವಿದ್ದರೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ನಾನು ಹಾಳೆ ಹರಿದೆ. ಹರಿಯುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸಾಕೇತ್ ಹೇಳಿದ್ದು: ಯಂತ್ರ ಗೆಲ್ಲುತ್ತದೆ, ಚಪ್ಪಾಳೆ ಹೊಡೆಯಿರಿ. ನಾನು ಹೇಳಿದ್ದು: ಯಂತ್ರ ಗೆಲ್ಲುತ್ತದೆ, ಎದೆ ಬಡಿದುಕೊಳ್ಳಿ. ಇಬ್ಬರೂ ಒಂದೇ ಜ್ಯೋತಿಷ್ಯದ ಅಂಗಡಿ ಇಟ್ಟುಕೊಂಡವರು. ಬೋರ್ಡಿನ ಬಣ್ಣ ಮಾತ್ರ ಬೇರೆ.

೪

(ಮೂರು ಎಲ್ಲಿ ಎನ್ನಬೇಡಿ. ಮೂರರಲ್ಲಿ ಕೋರ್ಟಿತ್ತು, ದೇಚಮ್ಮ ಒಳಗೆ ಬರಲಿಲ್ಲ.)

ಭವಿಷ್ಯ ಹೇಳಿದವರನ್ನು ನಾವೆಷ್ಟು ನೋಡಿಲ್ಲ! ಪಾಠವೆಲ್ಲ ಮೊಬೈಲಿಗೆ ಬಂದ ವರ್ಷ, ಇನ್ನು ದೆಹಲಿಯ ಮುಖರ್ಜಿ ನಗರದ ಕೋಚಿಂಗ್ ಗಲ್ಲಿಗಳಲ್ಲಿ ನಾಯಿ ಮಲಗುತ್ತದೆ ಎಂದವರಿದ್ದರು. ಈಗ ಅಲ್ಲಿಗೆ ಹೋಗಿ ನೋಡಿ, ನಾಯಿಗೆ ಕಾಲಿಡಲು ಜಾಗವಿದ್ದರೆ ಕೇಳಿ. ಮೆಟ್ರೊ ಬಂದರೆ ಆಟೊದವರು ಮನೆಗೆ ಹೋಗುತ್ತಾರೆ ಎಂದರು. ಮೆಟ್ರೊ ಇಳಿದ ಕೂಡಲೇ ಸುತ್ತುವರಿಯುವವರು ಯಾರು ಮತ್ತೆ? ಹಾಲು ಮುಗಿದರೆ ಫ್ರಿಜ್ಜೇ ಅಂಗಡಿಗೆ ಹೇಳಿ ತರಿಸುತ್ತದೆ ಎಂದರು. ದೇಚಮ್ಮನ ಮನೆಯ ಫ್ರಿಜ್ಜು ಬಾಗಿಲು ಸರಿಯಾಗಿ ಮುಚ್ಚಿಕೊಂಡರೆ ಅದೇ ದೊಡ್ಡದು. ಅದಕ್ಕೆ ಕುಶಾಲಪ್ಪ ಸೇನೆಯ ಹಳೆಯ ಬೆಲ್ಟು ಬಿಗಿದಿದ್ದಾನೆ.

ಕೆಲಸ ಹೋದ ಮೊದಲ ವಾರ ಹೆಂಡತಿಯನ್ನು ಸಮಾಧಾನ ಮಾಡಲು ಕುಶಾಲಪ್ಪ ಒಂದೇ ಕತೆಯನ್ನು ತಿರುತಿರುಗಿಸಿ ಹೇಳಿದ.

"ಹೊಸ ವೈರ್‌ಲೆಸ್ ಸೆಟ್ ಬಂದಾಗ ದೊಡ್ಡ ಸಾಹೇಬ ಬಂದು ಭಾಷಣ ಮಾಡಿದ. ಇನ್ನು ಸಂದೇಶ ಹೊತ್ತು ಓಡುವ ಜವಾನರ ಕಾಲ ಮುಗೀತು ಅಂತ. ಹಿಮದ ಬೆಟ್ಟದ ಮೇಲೆ ಹೋದ್ವಿ. ಚಳಿಗೆ ಬ್ಯಾಟರಿ ಸತ್ತೋಯ್ತು. ಓಡಿದ್ದು ಯಾರು?"

"ನೀವು."

"ನಾನು. ಬ್ಯಾಟರೀನ ಬನಿಯನ್ ಒಳಗೆ ಹೊಟ್ಟೆಗೆ ಒತ್ತಿ ಇಟ್ಕೊಂಡು ಬಿಸಿ ಮಾಡ್ತಾ ಓಡಿದ್ದು. ಕೆಳಗೆ ತಲುಪಿದಾಗ ಅದೂ ಬದುಕಿತ್ತು, ನಾನೂ ಬದುಕಿದ್ದೆ."

"ಸರಿ ಮಾರಾಯ್ರೆ, ಆದ್ರೆ ನಿಮ್ಮ ಹೊಟ್ಟೇನ ಕಿತ್ಕೊಂಡು ಬ್ಯಾಟರಿಗೆ ಕೊಟ್ಟಿರ್ಲಿಲ್ಲ ಅಲ್ವಾ."

ಕುಶಾಲಪ್ಪ ಎದ್ದು ಹೋಗಿ ಟೀ ಇಟ್ಟ. ಅವನಿಗೂ ಗೊತ್ತಿತ್ತು, ನೋವು ಸಂಬಳದ್ದಲ್ಲ. ಎಲ್ಲೋ ಯಾರದೋ ಕಿವಿಯಲ್ಲಿ ತನ್ನ ದನಿ ತನ್ನನ್ನು ಬಿಟ್ಟು ಮಾತಾಡುತ್ತಿದೆ, ಏನು ಮಾತಾಡುತ್ತಿದೆಯೋ ತನಗೇ ತಿಳಿಯದು ಎಂಬುದು ಅವಳನ್ನು ಹಿಂಡುತ್ತಿತ್ತು. ತರಕಾರಿ ಭಯ್ಯಾನ ಹತ್ತಿರ ಬೆಂಡೆಕಾಯಿಗೆ ಚೌಕಾಸಿ ಮಾಡುವಾಗಲೂ ಅವಳು ನಡುವೆ ನಿಂತುಬಿಡುತ್ತಿದ್ದಳು. ಈ ದನಿ ಈಗ ನನ್ನದಾ?

೫

ಮೊದಲು ತಿರುಗಿಬಿದ್ದವಳು ಚೋಂದಮ್ಮ.

ಚೋಂದಮ್ಮ ದೇಚಮ್ಮನ ಚಿಕ್ಕಮ್ಮ, ವಿರಾಜಪೇಟೆಯಲ್ಲಿದ್ದಾಳೆ. ಮಂಡಿಯ ಆಪರೇಷನ್ನಿಗೆ ವಿಮೆಯವರ ಅನುಮತಿ ಬೇಕಿತ್ತು. ಐದು ಒತ್ತಿದಳು. ಆ ಕಡೆಯಿಂದ ಅಕ್ಕನ ಮಗಳ ದನಿ ಬಂತು.

ಪರಿಚಯದ ದನಿ ಕಿವಿಗೆ ಬಿದ್ದ ಮೇಲೆ ಚೋಂದಮ್ಮ ಕನ್ನಡದಲ್ಲಿ ಯಾಕೆ ಮಾತಾಡುತ್ತಾಳೆ? ಮನೆಮಾತು ಕೊಡವ ತಕ್ಕಿನಲ್ಲಿ ಶುರು ಮಾಡಿದಳು. (ಇಲ್ಲಿ ಕನ್ನಡ ಮಾಡಿ ಕೊಟ್ಟಿದ್ದೇನೆ. ಕೊಡವರು ಕ್ಷಮಿಸಬೇಕು, ಬೈಗುಳದ ರುಚಿ ಅರ್ಧ ಹೋಗಿದೆ.) ಮಂಡಿ ಬಿಟ್ಟು ಉಳಿದದ್ದೆಲ್ಲ ಹೇಳಿದಳು. ಯಾರ ಮನೆಯಲ್ಲಿ ಮದುವೆ, ಯಾರು ಯಾರ ಜೊತೆ ಮಾತು ಬಿಟ್ಟರು, ಮನೆಯ ನಾಯಿ ಯಾರನ್ನು ಕಚ್ಚಿತು.

"ಕ್ಷಮಿಸಿ. ನಿಮ್ಮ ಪ್ರಶ್ನೆ ಅರ್ಥವಾಗಲಿಲ್ಲ. ದಯವಿಟ್ಟು ಪಾಲಿಸಿ ಸಂಖ್ಯೆ ತಿಳಿಸಿ," ಎಂದಿತು ಸುಭಾಷಿಣಿ.

ಚೋಂದಮ್ಮ ಫೋನು ಕುಕ್ಕಿ, ದೇಚಮ್ಮನ ಸ್ವಂತ ನಂಬರಿಗೆ ಹಚ್ಚಿದಳು.

"ದೆಹಲಿ ನೀರು ತಲೆಗೇರಿತಾ ನಿಂಗೆ? ಹೊಟ್ಟೆ ನೋವು ಅಂದಾಗೆಲ್ಲ ಸೊಂಟದ ಮೇಲೆ ಹೊತ್ಕೊಂಡು ತಿರುಗಿದ ನನ್ನ ಹತ್ರ ಸಂಖ್ಯೆ ಕೇಳ್ತೀಯಾ?"

ದೇಚಮ್ಮನಿಗೆ ಮೊದಲು ಗೊಂದಲವಾಯಿತು. ಆಮೇಲೆ ತಿಳಿಯಿತು. ಆಮೇಲೆ ನಗು ಬಂತು. ಕೆಲಸ ಹೋದ ಮೇಲೆ ಬಂದ ಮೊದಲ ನಗು, ತಡೆಯಲಾಗದೆ ಅಡುಗೆಮನೆಯ ನೆಲದ ಮೇಲೆ ಕೂತಳು.

"ಚಿಕ್ಕಮ್ಮ, ಅದು ನಾನಲ್ಲ. ಯಂತ್ರ."

"ಯಂತ್ರಕ್ಕೆ ನಿನ್ನ ಗಂಟಲು ಎಲ್ಲಿಂದ ಬಂತು?"

"ತಗೊಂಡ್ರು."

 ಚೋಂದಮ್ಮ ಸಿಟ್ಟು ಬಿಟ್ಟು ಮೆಲ್ಲಗೆ ಕೇಳಿದಳು. "ಅದು ನಿನ್ನ ಗಂಟಲೂ ಅಲ್ಲ ಮಗಳೇ, ನನ್ನಕ್ಕಂದು. ನಿಮ್ಮಮ್ಮನ ಗಂಟಲು. ನೀನು ಫೋನ್ ಎತ್ತಿದಾಗೆಲ್ಲ ಅವಳು ಎತ್ತಿದ ಹಾಗೆ ಆಗ್ತದೆ ನಂಗೆ. ಕೊಡೋದಕ್ಕೆ ಅದು ಯಾರದ್ದು?"

(ಇಲ್ಲಿ ನನ್ನ ಒಂದು ಪುಟದ ವಿಶ್ಲೇಷಣೆ ಇತ್ತು. ಚೋಂದಮ್ಮ ಹೇಳಿದ ಮೇಲೆ ಅದರ ಅಗತ್ಯ ಕಾಣಲಿಲ್ಲ.)

೬

ಉಳಿದ ಸಮಾಚಾರವನ್ನು ತಂದವಳು ಲಾವಣ್ಯಾ. ಮೈಸೂರಿನ ಹುಡುಗಿ, ಕನ್ನಡ ಡೆಸ್ಕಿನಲ್ಲಿ ಎಲ್ಲರಿಗಿಂತ ಚಿಕ್ಕವಳು. ಯಂತ್ರ ಮಾತಾಡಿದ್ದನ್ನು ಕೇಳಿ ತಪ್ಪು ಗುರುತಿಸಲು ಅವಳೊಬ್ಬಳನ್ನು ಉಳಿಸಿಕೊಂಡಿದ್ದರು. ಶನಿವಾರ ದೇಚಮ್ಮನ ಮನೆಗೆ ಊಟಕ್ಕೆ ಬಂದವಳು ಅಕ್ಕಿತರಿಯ ಉಂಡೆ ಕಡಂಬುಟ್ಟನ್ನು ತಟ್ಟೆಯಲ್ಲೇ ಬಿಟ್ಟು ನಾಟಕ ಮಾಡಿ ತೋರಿಸಿದಳು.

"ಅಕ್ಕಾ, ಎಲ್ರೂ ಅದೇ ಪ್ರಶ್ನೆ. ಯಾವೂರು ಅಂತ. ಮೊದಲು ಅದಕ್ಕೆ 'ನಾನು ಡಿಜಿಟಲ್ ಸಹಾಯಕಿ, ನನಗೆ ಊರಿಲ್ಲ' ಅಂತ ಹೇಳ್ಕೊಟ್ರು. ಗದಗಿನ ಕಡೆ ಒಬ್ರು ಅಜ್ಜಿ, 'ಯವ್ವಾ, ಯಾರೂ ಇಲ್ಲೇನ ನಿನಗ? ನಮ್ಮ ಮನಿಗೆ ಬಾರವ್ವಾ, ರೊಟ್ಟಿ ಬಡದು ಹಾಕ್ತೀನಿ' ಅಂತ ಅತ್ತುಬಿಟ್ರು. ಆಪರೇಷನ್ ಯಾರಿಗೆ ಅಂತ ಹೇಳಲೇ ಇಲ್ಲ!"

ಕುಶಾಲಪ್ಪ ಟಿವಿಯ ಸದ್ದು ಕಡಿಮೆ ಮಾಡಿದ.

"ಆಮೇಲೆ ಸಾಕೇತ್ ಸರ್ ಊರು ನೋಯ್ಡಾ ಅಂತ ಹಾಕಿಸಿದ್ರು. 'ಅದಲ್ಲಮ್ಮ, ಸ್ವಂತ ಊರು?' ಅಂತಾರೆ ಜನ. ಆಮೇಲೆ ಹಾಸನ ಅಂತ ಹಾಕಿಸಿದ್ರು. 'ಹಾಸನದಲ್ಲಿ ಎಲ್ಲಿ?' ಸಾಲಗಾಮೆ ರಸ್ತೆ ಅಂತ ಸೇರಿಸಿದ್ರು. 'ಸಾಲಗಾಮೆ ರಸ್ತೆಯಲ್ಲಿ ಯಾರ ಮನೆ?' ಅಲ್ಲಿಗೆ ಅದು ಕ್ಷಮಿಸಿ, ಕ್ಷಮಿಸಿ, ಕ್ಷಮಿಸಿ ಅಂತ ಶುರು ಮಾಡ್ತು. 'ಮನೆ ಹೇಳೋಕೆ ಕ್ಷಮೆ ಯಾಕೆ ಕೇಳ್ತೀಯಾ ಮಗು? ಮನೆ ಬಿಟ್ಟು ಓಡಿ ಬಂದಿದ್ದೀಯಾ?' ಅಂತ ಹಾಸನದ ಒಬ್ರು ರಿಟೈರ್ಡ್ ಮೇಷ್ಟ್ರು ಕೇಳಿದ್ದಾರೆ. ಈಗ ಅವ್ರು ಕಂಪನಿಗೆ ದೂರು ಕೊಟ್ಟಿದ್ದಾರೆ ಅಕ್ಕಾ. ನಮ್ಮೂರ ಹುಡುಗಿ ಒಬ್ಳು ದೆಹಲಿ ಕಡೆ ಕಷ್ಟಕ್ಕೆ ಸಿಕ್ಕಿದ್ದಾಳೆ, ದನಿ ನೋಡಿದ್ರೆ ಒಳ್ಳೆ ಮನೆತನದವಳು, ಹುಡುಕಿ ಕೊಡಿ ಅಂತ!"

ಮೂವರೂ ನಕ್ಕರು. ನಕ್ಕು ನಕ್ಕು ಸುಸ್ತಾದ ಮೇಲೆ ದೇಚಮ್ಮ ಕೇಳಿದಳು. "ಪಾಪ, ಆ ಮೇಷ್ಟ್ರಿಗೆ ಏನಾಗಿತ್ತಂತೆ?"

"ಯಾರಿಗೆ ಗೊತ್ತು? ಅಷ್ಟು ದೂರ ಮಾತು ಹೋಗಲೇ ಇಲ್ವಲ್ಲ."

ವಿಲೇಜ್ ಟೈಮ್ ಇಳಿಯುವ ಬದಲು ಗ್ರಾಫಿನ ಮೇಲಂಚಿಗೆ ಹೋಗಿ ಹೊಡೆದಿತ್ತು. ಕನ್ನಡದ್ದಷ್ಟೇ ಅಲ್ಲ, ಒಡಿಯಾ ಯಂತ್ರವನ್ನು ಅಲ್ಲಿನ ಜನ ಇನ್ನೇನೋ ಕೇಳಿ ಸುಸ್ತು ಮಾಡಿದ್ದರಂತೆ. ಹೋಳಿ ಬಂತು. ಸಾಕೇತ್ ಹೇಳಿದ ಹೋಳಿಯೇ. ಬಣ್ಣ ಆರುವ ಮೊದಲೇ ದೇಚಮ್ಮನ ಫೋನು ರಿಂಗಾಯಿತು.

"ದೇಚಮ್ಮ ಜೀ, ನಮಸ್ತೆ. ಕೈಸೀ ಹೈಂ? ಅಂದ್ರೆ... ಹೇಗಿದ್ದೀರಾ? ಬಂದುಬಿಡಿ. ಪ್ಲೀಸ್."

ಉಸ್ಸಪ್ಪಾ! ನನಗಾದ ನಿರಾಳವನ್ನು ಏನೆಂದು ಹೇಳಲಿ? ಹತ್ತು ಕತೆಗಳಲ್ಲಿ ಹತ್ತು ಜನರ ಕೆಲಸ ಕಿತ್ತು, ಅವರನ್ನು ಮಳೆಯಲ್ಲಿ ನಿಲ್ಲಿಸಿದ ಕೈ ಇದು. ಮೊದಲ ಸಲ ನನ್ನ ಕತೆಯಲ್ಲಿ ಒಬ್ಬರಿಗೆ ಕೆಲಸ ವಾಪಸ್ಸು ಬಂತು. ಓದುಬಳಗಕ್ಕೆ ಓಡಿ ಹೋಗಿ ಹೇಳಿದೆ. ಮನೋರಮಾ ಅವಲಕ್ಕಿಯ ಬಟ್ಟಲು ಕೆಳಗಿಟ್ಟರು.

"ಷರತ್ತೇನು?"

"ಯಾವ ಷರತ್ತು?"

"ಅವರು ಕರೆದಿದ್ದಾರೆ ಅಂದ್ರೆ ಷರತ್ತಿರುತ್ತೆ. ಹೋಗಿ ನೋಡು."

೭

ಇತ್ತು.

ಮೂರೂ ಡೆಸ್ಕಿನವರು ಮರಳಿ ಬಂದಿದ್ದರು. ಡಬ್ಬಿಗಳು ಬಾಯಿ ತೆರೆದಿದ್ದವು. ಒಡಿಯಾ ಡೆಸ್ಕಿನ ಹೆಂಗಸು ದೇಚಮ್ಮನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಸಾಕೇತ್‌ಗೂ ಎಷ್ಟೋ ದಿನದ ಮೇಲೆ ನಿದ್ದೆ ಬಂದ ಮುಖವಿತ್ತು. (ಅವನನ್ನು ಖಳನಾಯಕ ಮಾಡಲು ನಾನು ಬಹಳ ಯತ್ನಿಸಿದೆ. ಮೀಸೆ ಕೂಡ ಇಟ್ಟು ನೋಡಿದೆ. ಹೊಂದಲಿಲ್ಲ. ಅವನೂ ಮೇಲಿನವರಿಗೆ ಹೆದರಿ ಬದುಕುವವನು.) ದೇಚಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದ:

"ವಿಮೆ ಕಂಪನಿಯವರಿಗೆ ಸುಭಾಷಿಣಿನ ಮಾರಿಬಿಟ್ಟಿದ್ದೀವಿ. ಕೆಲಸ ಮಾಡ್ತಿಲ್ಲ ಅಂತ ಹೇಳೋಕಾಗಲ್ಲ. ಬಸ್, ನೀವೇ ಸುಭಾಷಿಣಿ. ಅಷ್ಟೇ."

"ಅಂದ್ರೆ?"

"ಫೋನ್ ನೀವು ತಗೊಳ್ಳಿ. ಆದ್ರೆ ಮಷೀನ್ ಥರ ಮಾತಾಡಿ. ಆವಾಜ್ ತೋ ನಿಮ್ದೇ. ಯಾರಿಗೂ ಡೌಟ್ ಬರಲ್ಲ."

"ಊರು ಕೇಳಿದ್ರೆ?"

"ಡಿಜಿಟಲ್ ಸಹಾಯಕಿ, ಊರಿಲ್ಲ ಅನ್ನಿ. ಇವತ್ತು ಗುರುಗ್ರಾಮದಿಂದ ವಿಮೆ ಕಂಪನಿಯ ಕ್ಲೈಂಟ್ ಲೈನ್ ಮೇಲೆ ಕೂತು ಕೇಳ್ತಾರೆ. ಇವತ್ತೊಂದಿನ ಸರಿಹೋಗ್ಲಿ. ಇಲ್ಲಾಂದ್ರೆ ನಾನೂ ಇಲ್ಲ, ನೀವೂ ಇಲ್ಲ, ಈ ಡೆಸ್ಕೂ ಇಲ್ಲ."

ಯಂತ್ರ ಮನುಷ್ಯನಂತಾಗುತ್ತದೆ ಎಂದು ಭವಿಷ್ಯ ನುಡಿದವರು ಈಗ ಮನುಷ್ಯಳನ್ನು ಕರೆದು ಯಂತ್ರದಂತಾಗು ಎನ್ನುತ್ತಿದ್ದರು. ತನ್ನನ್ನು ನಕಲು ಮಾಡಿದ್ದನ್ನು ದೇಚಮ್ಮ ನಕಲು ಮಾಡಬೇಕಿತ್ತು.

ಅವಳು ಹೆಡ್‌ಸೆಟ್ ಕೈಯಲ್ಲಿ ಹಿಡಿದು ನಿಂತಳು. ನಾನು ಅವಸರದಲ್ಲಿ ಮೂರು ಅಂತ್ಯಗಳನ್ನು ತಂದು ಅವಳ ಮೇಜಿನ ಮೇಲಿಟ್ಟೆ.

ಅ) ದೇಚಮ್ಮ ಮೇಜಿನ ಮೇಲೆ ಹತ್ತಿ ಭಾಷಣ ಮಾಡುತ್ತಾಳೆ. ಮೂರು ಭಾಷೆಯ ಹೆಡ್‌ಸೆಟ್‌ಗಳು ಒಟ್ಟಿಗೆ ನೆಲಕ್ಕೆ ಬೀಳುತ್ತವೆ. ಘೋಷಣೆ. (ಮನೋರಮಾ ಅವರಿಗೆ ಇಷ್ಟವಾಗುತ್ತದೆ.)

"ನನ್ನ ವಯಸ್ಸು ನೋಡಿ ಮಾತಾಡಿ," ಎಂದಳು ದೇಚಮ್ಮ. "ಮೇಜು ಹತ್ತೋದು ಆಮೇಲೆ. ಅಷ್ಟು ಜನ ಕೆಲಸ ಬಿಟ್ಟು ಊಟಕ್ಕೆ ನಿಮ್ಮ ಮನೆಗೆ ಬರಬೇಕಾ?"

ಆ) ದೇಚಮ್ಮ ತಲೆತಗ್ಗಿಸಿ ಸುಭಾಷಿಣಿಯಾಗುತ್ತಾಳೆ. ಸಂಬಳ ಬರುತ್ತದೆ. ಒಳಗೊಳಗೇ ಸಾಯುತ್ತಾಳೆ. (ವಿಮರ್ಶಕರಿಗೆ ಇಷ್ಟವಾಗುತ್ತದೆ.)

"ಒಳಗೊಳಗೆ ಸಾಯೋದು ಅಂದ್ರೆ ಹೇಗ್ರೀ? ನನಗೆ ಬರಲ್ಲ ಅದು."

ಇ) ಅಷ್ಟರಲ್ಲಿ ಕರೆಂಟು ಹೋಗುತ್ತದೆ. (ನನಗೆ ಇಷ್ಟವಾಗುತ್ತದೆ.)

"ಜನರೇಟರ್ ಇದೆ," ಎಂದಳು. ಹೆಡ್‌ಸೆಟ್ ಹಾಕಿಕೊಂಡು ಕೂತಳು.

ಫೋನು ರಿಂಗಾಯಿತು. ಗಾಜಿನ ಕೋಣೆಯಲ್ಲಿ ಸಾಕೇತ್ ಕೂತಿದ್ದ. ಅವನ ಮಾತು ಅವಳ ಕಿವಿಗೆ ಮಾತ್ರ ಕೇಳುವ ಏರ್ಪಾಡಿತ್ತು. ಗುರುಗ್ರಾಮದವರು ಲೈನಿನ ಮೇಲಿದ್ದರು.

"ನಮಸ್ಕಾರ. ನಿಮಗೆ ಹೇಗೆ ಸಹಾಯ ಮಾಡಲಿ?" ದೇಚಮ್ಮ ಏರಿಳಿತವಿಲ್ಲದೆ ಹೇಳಿದಳು. ಒಪ್ಪುವಂತಿತ್ತು. ಸಾಕೇತ್ ಗಾಜಿನ ಹಿಂದಿನಿಂದ ಹೆಬ್ಬೆರಳು ಎತ್ತಿದ.

"ಹಲೋ? ಯಾರು? ಮಿಷನ್ನಾ, ಮನ್ಷೇರಾ?"

ಕಡೂರಿನ ಕಡೆಯ ಹೆಂಗಸು. ಹೆಸರು ರತ್ನಮ್ಮ ಎಂದು ಪರದೆಯ ಮೇಲೆ ಬಂತು. ಹಿಂದೆ ಆಸ್ಪತ್ರೆಯ ಸದ್ದು, ಯಾರನ್ನೋ ಕೂಗುವ ನರ್ಸು, ಎಳೆಯುವ ಸ್ಟ್ರೆಚರು.

"ಹೇಳಿ," ಎಂದಳು ದೇಚಮ್ಮ.

"ನಮ್ಮ ಯಜಮಾನ್ರನ್ನ ಸೇರ್ಸಿದ್ದೀವಿ ಕಣವ್ವ. ಇವ್ರು ಇಲ್ಲಿ ಅದೆಂಥದೋ ಒಪ್ಗೆ ಬರ್ಬೇಕು ಅಂತಾರೆ. ಮೂರು ಸಲ ಮಾಡಿದೆ. ಮೂರು ಸಲಾನೂ ಯಾರೋ ಒಬ್ಳು ಕ್ಷಮಿಸಿ ಅಂತಾಳೆ. ಏನ್ ತಪ್ಪು ಮಾಡಿದ್ಲೋ ಪಾಪ." ಉಸಿರು ತೆಗೆದುಕೊಂಡಳು. ಆಮೇಲೆ ದನಿ ತಗ್ಗಿಸಿ, ಒಂದು ಬಾಗಿಲು ತಟ್ಟುವವಳ ಹಾಗೆ: "ನೀನು ಯಾವೂರವ್ವ?"

"ಊರಿಲ್ಲ ಅನ್ನಿ," ಸಾಕೇತ್ ಕಿವಿಯಲ್ಲಿ ಪಿಸುಗುಟ್ಟಿದ. "ಬೋಲಿಯೇ. ಡಿಜಿಟಲ್ ಸಹಾಯಕಿ. ಕ್ಲೈಂಟ್ ಸುನ್ ರಹಾ ಹೈ."

ಇನ್ನೊಂದು ಕಿವಿಯಲ್ಲಿ ನಾನಿದ್ದೆ. ತಡೆಯಲಾಗಲಿಲ್ಲ. "ಹೇಳಿ ದೇಚಮ್ಮನವರೇ! ನಾನು ಮನುಷ್ಯಳು, ನನ್ನ ದನಿ ನನ್ನದು ಅಂತ ಹೇಳಿ! ಇದೇ ಕತೆಯ ಕೊನೇ ಸಾಲು, ಎಷ್ಟು ದಿನದಿಂದ ಕಾದಿದ್ದೀನಿ!"

ದೇಚಮ್ಮ ಯಾರ ಮಾತನ್ನೂ ಹೇಳಲಿಲ್ಲ.

"ನಾಪೋಕ್ಲು ಹತ್ರ ಅಮ್ಮ. ಕೊಡಗು," ಎಂದಳು. ದನಿಗೆ ಏರಿಳಿತ ಮರಳಿತ್ತು. ಅದು ಅವಳ ತಾಯಿಯ ಗಂಟಲು. "ನಿಮ್ಮದು ಕಡೂರಾ?"

"ಕಡೂರಿಂದ ಒಳಗೆ, ಯಗಟಿ ಕಡೆ. ಸದ್ಯ, ಮನ್ಷೇರು ಸಿಕ್ರಲ್ಲಪ್ಪಾ!" ರತ್ನಮ್ಮನ ಉಸಿರು ಬಿಟ್ಟ ಸದ್ದು ನೋಯ್ಡಾದವರೆಗೂ ಬಂತು. "ಕೊಡಗು ಅಂದ್ಯಾ? ನಮ್ಮ ದೊಡ್ಡ ಮಗಳನ್ನ ಕುಶಾಲನಗರಕ್ಕೇ ಕೊಟ್ಟಿರೋದು ಕಣವ್ವ..."

ಗಾಜಿನ ಹಿಂದೆ ಸಾಕೇತ್ ಎದ್ದು ನಿಂತ. ಕತ್ತರಿಯಂತೆ ಎರಡು ಬೆರಳಾಡಿಸಿದ. ಕಟ್ ಮಾಡಿ. ದೇಚಮ್ಮ ಅವನನ್ನು ನೋಡಿ ತಲೆಯಾಡಿಸಿದಳು, ಆಗುವುದಿಲ್ಲ ಎಂದು. ಪಕ್ಕದಲ್ಲಿ ಲಾವಣ್ಯಾ ಬೇಕೆಂದೇ ಗಟ್ಟಿಯಾಗಿ ಯಾರಿಗೋ "ಮೈಸೂರು ಸಾರ್, ಸರಸ್ವತಿಪುರಂ," ಅನ್ನುತ್ತಿದ್ದಳು.

ಗುರುಗ್ರಾಮದವರು ಏನೆಂದರು? ಡೆಸ್ಕು ಉಳಿಯಿತೇ? ಗೊತ್ತಿಲ್ಲ. ಭವಿಷ್ಯ ಹೇಳುವ ಅಂಗಡಿಯನ್ನು ನಾನು ಮುಚ್ಚಿದ್ದೇನೆ. ಆದರೆ ಎದೆಯ ಮೇಲಿದ್ದ ಕಲ್ಲು ಇಳಿದ ಈ ಗಳಿಗೆ ಕತೆ ನಿಲ್ಲಿಸಲು ಒಳ್ಳೆಯ ಜಾಗ ಅನ್ನಿಸಿತು. ಮೆಲ್ಲಗೆ ಹೇಳಿದೆ:

"ದೇಚಮ್ಮನವರೇ, ಸಾಕು, ಚೆನ್ನಾಗಿ ಬಂತು. ಫೋನ್ ಇಡಿ. ಇಲ್ಲಿಗೆ ಮುಗಿಸೋಣ."

ಅವಳು ಮೈಕಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದಳು.

"ಇಡಲ್ಲ. ಅವ್ರ ಯಜಮಾನ್ರಿಗೆ ಏನಾಗಿದೆ ಅಂತ ಅವ್ರಿನ್ನೂ ಹೇಳೇ ಇಲ್ಲ. ಸುಮ್ನಿರಿ ಸ್ವಲ್ಪ."